ಗೇರ್ ಸೈಕಲಿಗೆ ಮಡ್‌ಗಾರ್ಡ್ ಬೇಡವೆ?

ಮಳೆಗಾಲ ಹಿಡಿದ ಮೇಲೆ ಕಾಸರಗೋಡಿನ ಕಾಲೇಜುಗಳಿಗೆ ಸೈಕಲಿನಲ್ಲಿ ಬರುವ ವಿದ್ಯಾರ್ಥಿಗಳನ್ನು ಗುರುತಿಸುವುದು ಕಷ್ಟವಲ್ಲ. ಅವರ ಅಂಗಿಯ ಬೆನ್ನಿನ ಮೇಲೆ ಸೊಂಟದಿಂದ ಕುತ್ತಿಗೆಯವರೆಗೆ ಕೆಮ್ಮಣ್ಣಿನ ಒಂದು ಗೆರೆ ಎದ್ದಿರುತ್ತದೆ. ಮಳೆ ನಿಂತು ಗಂಟೆ ಕಳೆದಿದ್ದರೂ ಗೆರೆ ಮಾತ್ರ ತಪ್ಪದು. ಆಕಾಶದಿಂದ ಬೀಳುವ ನೀರಿಗೆ ಕೊಡೆಯುಂಟು, ರೇನ್‌ಕೋಟುಂಟು. ನೆಲದಿಂದ ಮೇಲೇಳುವ ನೀರಿಗೆ ಏನಿದೆ ಎಂಬ ಪ್ರಶ್ನೆಯನ್ನು ಸೈಕಲು ಕೊಳ್ಳುವಾಗ ಕೇಳಿದವರು ಕಡಿಮೆ. ಅಂಗಡಿಯಲ್ಲಿ ಹೊಳೆಯುತ್ತ ನಿಂತ ಗೇರ್ ಸೈಕಲಿನ ದಪ್ಪ ಟಯರು, ಮುಂದಿನ ಶಾಕು, ಡಿಸ್ಕ್ ಬ್ರೇಕುಗಳನ್ನು ನೋಡಿದ ಕಣ್ಣಿಗೆ ಅದರಲ್ಲಿ ಏನಿಲ್ಲ ಎಂಬುದು ಕಾಣುವುದಿಲ್ಲ. ಅದು ಕಾಣುವುದು ಮೊದಲ ಮಳೆಯ ದಿನ ಕನ್ನಡಿಗೆ ಬೆನ್ನು ತಿರುಗಿಸಿ ನಿಂತಾಗ.

ಹಿಂದಿನ ತಲೆಮಾರಿನ ಸೈಕಲಿನಲ್ಲಿ ಈ ಪ್ರಶ್ನೆ ಇರಲಿಲ್ಲ. ಹರ್ಕ್ಯುಲಿಸ್, ಅಟ್ಲಾಸ್, ಹೀರೋ ಮುಂತಾದ ಹೆಸರುಗಳಲ್ಲಿ ಊರೂರಿಗೆ ಬಂದ ಕಪ್ಪು ಸೈಕಲುಗಳಿಗೆ ಎರಡು ಗಾಲಿಗಳ ಮೇಲೂ ತಗಡಿನ ಮಡ್‌ಗಾರ್ಡು, ಚೈನಿಗೆ ಕವರು, ಹಿಂದೆ ಕ್ಯಾರಿಯರು ಹುಟ್ಟಿನಿಂದಲೇ ಬಂದ ಅಂಗಗಳಾಗಿದ್ದವು. ಹಿಂದಿನ ಮಡ್‌ಗಾರ್ಡಿನ ತುದಿಗೆ ಬಿಳಿ ಬಣ್ಣ, ಅದರ ಮೇಲೊಂದು ಕೆಂಪು ರಿಫ್ಲೆಕ್ಟರು. ಒಡೆಯನ ಹೆಸರನ್ನು ಬರೆಸುವುದೂ ಅಲ್ಲಿಯೇ. ಅಂಚೆಯವನು, ಹಾಲು ಮಾರುವವನು, ಶಾಲೆಯ ಮೇಷ್ಟ್ರು ಎಲ್ಲರೂ ಬಿಳಿ ಪಂಚೆಯಲ್ಲಿ ಮಳೆಗಾಲವಿಡೀ ಸೈಕಲು ತುಳಿದರು. ಅವರ ಪಂಚೆ ಬಿಳಿಯಾಗಿ ಉಳಿದುದಕ್ಕೆ ಆ ತಗಡಿನ ಪಾಲು ಸಣ್ಣದಲ್ಲ.

ಹೊಸ ಸೈಕಲು ಆ ತಗಡನ್ನು ಕಳಚಿಟ್ಟು ಬಂದಿದೆ. ಕಳಚಿದ್ದನ್ನು ಮತ್ತೆ ತೊಡಿಸಬೇಕೆ, ಹಾಗೆಯೇ ಬಿಡಬೇಕೆ ಎಂಬುದು ಚರ್ಚೆ. ತೊಡಿಸಬೇಕು ಎಂಬುದೇ ಈ ಬರಹದ ನಿಲುವು. ಆದರೆ ಎಂಥದನ್ನು, ಎಷ್ಟು ಉದ್ದದ್ದನ್ನು, ಯಾವ ಗಾಲಿಗೆ ಎಂಬುದನ್ನು ತೀರ್ಮಾನಿಸಬೇಕಾದುದು ಸೈಕಲಿನ ಮೇಲೆ ಬರೆದ ಹೆಸರಲ್ಲ, ಅದರ ಟಯರು ದಿನವೂ ತುಳಿಯುವ ಮಣ್ಣು.

ಮೌಂಟನ್ ಬೈಕು ಮಡ್‌ಗಾರ್ಡಿಲ್ಲದೆ ಹುಟ್ಟಿದ್ದು ಏಕೆಂಬುದನ್ನು ತಿಳಿಯದೆ ಈ ಚರ್ಚೆ ಮುಂದೆ ಸಾಗದು. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಮರಿನ್ ಕೌಂಟಿಯಲ್ಲಿ 1970ರ ದಶಕದಲ್ಲಿ ಕೆಲವು ತರುಣರು 1930–40ರ ಕಾಲದ ಹಳೆಯ ಷ್ವಿನ್ ಸೈಕಲುಗಳನ್ನು ಗುಜರಿಯಿಂದ ಎತ್ತಿ ತಂದು, ಮಡ್‌ಗಾರ್ಡು, ಚೈನ್ ಕವರು, ಅಲಂಕಾರದ ಟ್ಯಾಂಕುಗಳನ್ನೆಲ್ಲ ಬಿಚ್ಚಿ ಹಾಕಿ, ಗುಡ್ಡದ ಮಣ್ಣಿನ ದಾರಿಗಳಲ್ಲಿ ಕೆಳಗಿಳಿಸುವ ಆಟಕ್ಕೆ ತೊಡಗಿದರು. 1976ರ ಅಕ್ಟೋಬರ್ 21ರಂದು ಅಲ್ಲಿನ ಫೇರ್‌ಫ್ಯಾಕ್ಸ್ ಊರಿನ ಬಳಿ ‘ರಿಪ್ಯಾಕ್’ ಎಂಬ ಮೊದಲ ಸ್ಪರ್ಧೆ ನಡೆಯಿತು. ದಾರಿಯ ಉದ್ದ ಮೂರು ಕಿಲೋಮೀಟರಿಗಿಂತ ತುಸು ಹೆಚ್ಚು. ಇಳಿತ ಸುಮಾರು 400 ಮೀಟರ್. ಹಿಂದಿನ ಗಾಲಿಯ ಬ್ರೇಕು ಕಾದು, ಒಳಗಿನ ಗ್ರೀಸು ಹೊಗೆಯಾಗಿ ಹೋಗಿ, ಪ್ರತಿ ಸಲವೂ ಹೊಸದಾಗಿ ಗ್ರೀಸು ತುಂಬಬೇಕಾಗುತ್ತಿದ್ದುದರಿಂದ ಆ ಹೆಸರು. 1977ರಲ್ಲಿ ಜೋ ಬ್ರೀಝ್ ಇಂಥ ದಾರಿಗೆಂದೇ ಹೊಸ ಚೌಕಟ್ಟನ್ನು ಕಟ್ಟಿದರು. 1981ರಲ್ಲಿ ‘ಸ್ಟಂಪ್‌ಜಂಪರ್’ ಎಂಬ ಹೆಸರಿನ ಸೈಕಲು ಕಾರ್ಖಾನೆಯಿಂದ ಸಾಲುಸಾಲಾಗಿ ಹೊರಬಂದು ಲೋಕದ ಅಂಗಡಿಗಳನ್ನು ಸೇರಿತು.

ಆ ತರುಣರು ಮಡ್‌ಗಾರ್ಡನ್ನು ಕಿತ್ತೆಸೆದುದರಲ್ಲಿ ತಪ್ಪಿಲ್ಲ. ಬೇಸಗೆಯಿಡೀ ಮಳೆಯೇ ಕಾಣದ ಒಣ ಗುಡ್ಡಗಳವು. ಅಲ್ಲಿ ಮಳೆ ಬೀಳುವುದು ಹೆಚ್ಚಾಗಿ ಚಳಿಗಾಲದಲ್ಲಿ. ಒಣ ದೂಳಿನಲ್ಲಿ ಮಡ್‌ಗಾರ್ಡು ಗಡಗಡ ಸದ್ದು ಮಾಡುವ ಭಾರವಲ್ಲದೆ ಬೇರೇನಲ್ಲ. ಇಳಿಜಾರಿನಲ್ಲಿ ಕಲ್ಲಿಗೆ ಬಡಿದು ತಗಡು ಬಾಗಿದರೆ ಗಾಲಿಯೇ ಸಿಕ್ಕಿಕೊಳ್ಳುವ ಅಪಾಯವೂ ಇತ್ತು. ತಮ್ಮ ನೆಲ, ತಮ್ಮ ಹವೆ, ತಮ್ಮ ಆಟ ಮೂರನ್ನೂ ನೋಡಿ ಅವರು ತೆಗೆದುಕೊಂಡ ತೀರ್ಮಾನವದು. ಆ ತೀರ್ಮಾನದ ರೂಪವಷ್ಟೇ ಕಡಲು ದಾಟಿ ಬಂತು. ಅದರ ಹಿಂದಿದ್ದ ಒಣ ನೆಲ ಬರಲಿಲ್ಲ.

ಈಗ ಆ ಸೈಕಲು ಬಂದು ನಿಂತಿರುವುದು ವರ್ಷಕ್ಕೆ 3000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಕಾಸರಗೋಡಿನಲ್ಲಿ. ಆ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿಯೇ ಬಿದ್ದುಹೋಗುತ್ತದೆ. ನೆಲವೋ ಮುರಕಲ್ಲಿನದು. 1800ರ ಹೊತ್ತಿಗೆ ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳಲ್ಲಿ ಸುತ್ತಾಡಿದ ಫ್ರಾನ್ಸಿಸ್ ಬುಕಾನನ್, ಅಗೆಯುವಾಗ ಮೆತ್ತಗಿದ್ದು ಗಾಳಿಗೆ ಒಡ್ಡಿದ ಮೇಲೆ ಗಟ್ಟಿಯಾಗುವ ಈ ಕಲ್ಲನ್ನು ಮಲಬಾರಿನಲ್ಲಿ ಕಂಡು, ಇಟ್ಟಿಗೆ ಎಂಬರ್ಥದ ಲ್ಯಾಟಿನ್ ಮಾತಿನಿಂದ ಅದಕ್ಕೆ ‘ಲ್ಯಾಟರೈಟ್’ ಎಂದು ಹೆಸರಿಟ್ಟ. ಕನ್ನಡದ ಜಂಬಿಟ್ಟಿಗೆ ಎಂಬ ಮಾತಿನಲ್ಲಿಯೂ ಇಟ್ಟಿಗೆಯೇ ಇದೆ. ಮನೆಯ ಗೋಡೆಯಾಗಿ ನಿಂತಾಗ ಗಟ್ಟಿಯಾದ ಈ ಕಲ್ಲು ರಸ್ತೆಯ ಬದಿಯಲ್ಲಿ ಚಕ್ರಗಳಡಿ ಅರೆದು ಹರಳು, ಮರಳು, ನುಣ್ಣನೆಯ ಕೆಂಪು ಹುಡಿಯಾಗುತ್ತದೆ. ಮಳೆನೀರಿಗೆ ಅದು ತೆಳ್ಳನೆಯ ರಾಡಿ. ಹೆದ್ದಾರಿ 66ನ್ನು ಆರು ಪಥಗಳಿಗೆ ಅಗಲಗೊಳಿಸುವ ಕೆಲಸ ನಡೆದ ವರ್ಷಗಳಲ್ಲಿ ತಲಪಾಡಿಯಿಂದ ದಕ್ಷಿಣಕ್ಕೆ ಸೈಕಲು ತುಳಿದವರಿಗೆ ಆ ರಾಡಿಯ ಬಣ್ಣವನ್ನು ವರ್ಣಿಸಬೇಕಾಗಿಲ್ಲ.

ರಾಡಿ ಹೇಗೆ ಹಾರುತ್ತದೆ ಎಂಬುದಕ್ಕೆ ಪಿಯುಸಿಯ ಭೌತಶಾಸ್ತ್ರವೇ ಸಾಕು. ಗಂಟೆಗೆ 18 ಕಿಲೋಮೀಟರ್ ಎಂದರೆ ಸೆಕೆಂಡಿಗೆ 5 ಮೀಟರ್. ಸೈಕಲು ಆ ವೇಗದಲ್ಲಿ ಸಾಗುವಾಗ ಟಯರಿನ ಹೊರಮೈಯೂ ಚೌಕಟ್ಟನ್ನು ಲೆಕ್ಕಕ್ಕೆ ಹಿಡಿದರೆ ಅದೇ ವೇಗದಲ್ಲಿ ಸುತ್ತುತ್ತಿರುತ್ತದೆ. ಅದಕ್ಕೆ ಅಂಟಿದ ನೀರು ಬಿಟ್ಟುಹೋಗುವಾಗ ವೃತ್ತದ ಸ್ಪರ್ಶರೇಖೆಯಲ್ಲಿ ಹೊರಡುತ್ತದೆ. ಗಾಲಿಯ ಹಿಂಬದಿ ಕೆಳಗಿನಿಂದ ಮೇಲಕ್ಕೆ ಚಲಿಸುವ ಭಾಗವಾದುದರಿಂದ ಅಲ್ಲಿಂದ ಬಿಟ್ಟ ಹನಿ ನೇರ ಮೇಲಕ್ಕೆ ಏಳುತ್ತದೆ. ಗಾಳಿಯ ತಡೆಯನ್ನು ಬಿಟ್ಟು ಲೆಕ್ಕ ಹಾಕಿದರೆ ಅದು ಸುಮಾರು 1.27 ಮೀಟರ್ ಏರಬೇಕು. ಗಾಲಿಯ ನಡುಭಾಗವೇ ನೆಲದಿಂದ ಸುಮಾರು 35 ಸೆಂಟಿಮೀಟರ್ ಎತ್ತರದಲ್ಲಿರುತ್ತದೆ. ಎರಡನ್ನೂ ಕೂಡಿಸಿದರೆ ಹನಿ ಮುಟ್ಟುವುದು ಕುಳಿತ ಸವಾರನ ಕುತ್ತಿಗೆಯನ್ನು. ವೇಗ ಗಂಟೆಗೆ 25 ಕಿಲೋಮೀಟರಿಗೆ ಏರಿದರೆ ಹನಿಯ ಏರಿಕೆ ಹೆಚ್ಚುಕಡಿಮೆ ಎರಡು ಪಟ್ಟು. ವೇಗ ಇಮ್ಮಡಿಯಾದರೆ ಎತ್ತರ ನಾಲ್ಮಡಿಯಾಗುವುದು ಈ ಲೆಕ್ಕದ ಸ್ವಭಾವ. ಇಳಿಜಾರಿನ ಕೊನೆಯಲ್ಲಿ ಹೊಂಡ ಸಿಕ್ಕಿದಾಗ ತಲೆಗೂದಲೂ ಕೆಂಪಾಗುವುದು ಇದರಿಂದಲೇ.

ಮುಂದಿನ ಗಾಲಿಯ ಕಥೆ ತುಸು ಬೇರೆ. ಅದರ ಹಿಂಬದಿಯಿಂದ ಎದ್ದ ರಾಡಿ ಮೊಣಕಾಲಿನ ಕೆಳಭಾಗಕ್ಕೆ, ಚೌಕಟ್ಟಿನ ಕೆಳಕೊಳವೆಗೆ, ಪೆಡಲು ತಿರುಗುವ ಕಪ್ಪಿನ ಬೇರಿಂಗಿಗೆ, ಚೈನಿಗೆ ಬಡಿಯುತ್ತದೆ. ಮೇಲ್ಭಾಗದಿಂದ ಬಿಟ್ಟದ್ದು ಮುಂದಕ್ಕೆ ಚಿಮ್ಮುತ್ತದೆ. ಮುಂದೆ ಹೋದದ್ದು ಹೋಯಿತು ಎನ್ನುವಂತಿಲ್ಲ. ಗಾಳಿ ಹನಿಗಳನ್ನು ತಡೆದು ನಿಲ್ಲಿಸುವಷ್ಟರಲ್ಲಿ ಸವಾರನೇ ಹಿಂದಿನಿಂದ ಬಂದು ಅವುಗಳಿಗೆ ಮುಖ ಒಡ್ಡುತ್ತಾನೆ. ಕೆಸರಿಗೆ ಕಲ್ಲೆಸೆದರೆ ಮುಖಕ್ಕೆ ಸಿಡಿಯುತ್ತದೆ ಎಂಬ ಗಾದೆಯಲ್ಲಿ ಎಸೆದವನ ಕೈಯಾದರೂ ಇದೆ. ಇಲ್ಲಿ ಏನನ್ನೂ ಎಸೆಯದೆ, ಸುಮ್ಮನೆ ಮುಂದೆ ಸಾಗಿದ್ದಕ್ಕೇ ಸಿಡಿತ.

ಬಟ್ಟೆ ಕೊಳೆಯಾಗುವುದು ಒಂದು ನಷ್ಟವೇ ಎಂದು ಕೇಳುವವರುಂಟು. ಕೆಮ್ಮಣ್ಣಿನ ಕಲೆ ಒಗೆದರೂ ಬಿಡದೆಂಬುದು ಮನೆಯಲ್ಲಿ ಬಟ್ಟೆ ಒಗೆಯುವವರಿಗೆ ಗೊತ್ತು. ಬೆನ್ನಿನ ಚೀಲದ ಹೊಲಿಗೆಯ ಮೂಲಕ ಒಳಗಿಳಿದ ರಾಡಿ ನೋಟುಪುಸ್ತಕದ ಹಾಳೆಗಳನ್ನು ಅಂಟಿಸುತ್ತದೆ. ಇವನ್ನು ಸಣ್ಣ ನಷ್ಟಗಳೆಂದು ತಳ್ಳಿಹಾಕಿದರೂ ಯಂತ್ರದ ನಷ್ಟ ಉಳಿಯುತ್ತದೆ. ಮುರಕಲ್ಲಿನ ಹುಡಿ ಚೈನಿನ ಎಣ್ಣೆಯೊಡನೆ ಬೆರೆತು ಉಜ್ಜುಕಾಗದದಂತೆ ಕೆಲಸ ಮಾಡುತ್ತದೆ; ಚೈನು ಸವೆದು ಉದ್ದವಾದಂತೆ ಗೇರಿನ ಹಲ್ಲುಗಳೂ ಸವೆಯುತ್ತವೆ. ಮುಂದಿನ ಶಾಕಿನ ಹೊಳೆಯುವ ಕೊಳವೆಗಳ ಮೇಲೆ ಕೂತ ಹರಳು, ಶಾಕು ಕುಗ್ಗಿ ಹಿಗ್ಗುವಾಗಲೆಲ್ಲ ಅದರ ರಬ್ಬರ್ ಸೀಲನ್ನು ಕೊರೆಯುತ್ತದೆ. ಬೇರಿಂಗಿನೊಳಗೆ ಹೊಕ್ಕ ನೀರು ಗ್ರೀಸನ್ನು ಕೆಡಿಸುತ್ತದೆ. ಮಡ್‌ಗಾರ್ಡು ಇವನ್ನೆಲ್ಲ ಪೂರ್ತಿ ತಡೆಯುವುದೆಂದರೆ ಅತಿಶಯೋಕ್ತಿ; ಒರೆಸುವುದೂ ಎಣ್ಣೆ ಬಿಡುವುದೂ ತಪ್ಪದು. ಆದರೆ ನೇರವಾಗಿ ಬಂದು ಬಡಿಯುವ ರಾಡಿಯ ದೊಡ್ಡ ಪಾಲನ್ನು ಅದು ತಡೆಯುತ್ತದೆ. ಅಷ್ಟರಮಟ್ಟಿಗೆ ರಿಪೇರಿಯ ಖರ್ಚೂ ಮುಂದಕ್ಕೆ ಹೋಗುತ್ತದೆ.

ದೇಹದ ಲೆಕ್ಕ ಇದಕ್ಕಿಂತ ಮುಖ್ಯವಾದುದು. 2007ರಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ, 2008ರ ಜುಲೈಯಲ್ಲಿ ವೇಲ್ಸ್ ದೇಶದ ಬಿಲ್ತ್ ವೆಲ್ಸ್ ಊರಿನಲ್ಲಿ ಮಳೆಯ ನಡುವೆ ನಡೆದ ಮೌಂಟನ್ ಬೈಕ್ ಸ್ಪರ್ಧೆಗಳ ಬಳಿಕ ಪಾಲುಗೊಂಡವರಲ್ಲಿ ಬಹಳ ಮಂದಿ ಹೊಟ್ಟೆನೋವು, ಭೇದಿಗಳಿಂದ ಮಲಗಿದರು. ಕ್ಯಾಂಪೈಲೊಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯ ಅದಕ್ಕೆ ಕಾರಣವೆಂದು ಗೊತ್ತಾಯಿತು. ಪ್ರಾಣಿಗಳ ಸಗಣಿ ಬೆರೆತ ಕೆಸರು ಗಾಲಿಯಿಂದ ಚಿಮ್ಮಿ ಬಾಯಿಗೆ ಹೋದುದರತ್ತ ತನಿಖೆ ಮಾಡಿದವರು ಬೊಟ್ಟು ಮಾಡಿದರು. ಕೇರಳದ ಮಳೆಗಾಲಕ್ಕೆ ತನ್ನದೇ ಆದ ಎಚ್ಚರಿಕೆಯಿದೆ. ಇಲಿಜ್ವರದ ರೋಗಾಣು ಇಲಿಯ ಮೂತ್ರ ಸೇರಿದ ನೀರಿನಲ್ಲಿದ್ದು, ಚರ್ಮದ ಗಾಯ, ಕಣ್ಣು, ಮೂಗು, ಬಾಯಿಗಳ ಒಳಪೊರೆಯ ಮೂಲಕ ದೇಹವನ್ನು ಹೊಗುತ್ತದೆ. ಅದರ ಮುಖ್ಯ ಭಯ ಗದ್ದೆ, ಚರಂಡಿ, ನಿಂತ ನೀರುಗಳಲ್ಲಿ ಕೆಲಸ ಮಾಡುವವರಿಗೇ ಹೊರತು ಸೈಕಲಿನವರಿಗಲ್ಲ ಎಂಬುದು ನಿಜ. ಆದರೂ ಪೇಟೆಯ ಚರಂಡಿ ಉಕ್ಕಿ ಹರಿದ ರಸ್ತೆಯ ನೀರನ್ನು ನಾಲ್ಕು ತಿಂಗಳು ದಿನವೂ ಮುಖಕ್ಕೆ ಎರಚಿಸಿಕೊಳ್ಳುವುದು ಬುದ್ಧಿವಂತಿಕೆಯಾಗದು. ರೋಗದ ಮಾತು ಹಾಗಿರಲಿ, ಎದುರಿನಿಂದ ಬಸ್ಸು ಬರುವ ಹೊತ್ತಿಗೆ ಕಣ್ಣಿಗೊಂದು ಹರಳು ಬಿದ್ದರೆ ಅನಾಹುತಕ್ಕೆ ಬೇರೆ ಕಾರಣ ಬೇಕಾಗಿಲ್ಲ.

ಇಷ್ಟಾದರೂ ಮಡ್‌ಗಾರ್ಡು ಬೇಡವೆನ್ನುವವರ ವಾದಗಳಲ್ಲಿ ಹುರುಳಿಲ್ಲದೆ ಇಲ್ಲ. ಅವುಗಳಲ್ಲಿ ಬಲವಾದುದು ಮಣ್ಣು ಗಿಡಿಯುವ ವಾದ. ಟಯರಿಗೂ ಮಡ್‌ಗಾರ್ಡಿಗೂ ನಡುವೆ ಎಡೆ ಕಡಿಮೆಯಿದ್ದು ಮಣ್ಣು ಜಿಗುಟಾಗಿದ್ದರೆ, ಆ ಎಡೆಯಲ್ಲಿ ಮಣ್ಣು ಸೇರುತ್ತ ಹೋಗಿ ಗಾಲಿ ನಿಂತುಬಿಡುತ್ತದೆ. ಗಡಿಯಾಚೆಯ ಕನ್ನಡ ನಾಡುಗಳನ್ನೇ ತೆಗೆದುಕೊಂಡರೂ ಇದು ಸ್ಪಷ್ಟವಾಗುತ್ತದೆ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ಆದೋನಿಗಳ ಎರೆಭೂಮಿಯ ಮಣ್ಣು ಮುರಕಲ್ಲಿನ ರಾಡಿಯಂತೆ ಹಾರುವುದಿಲ್ಲ. ನೀರು ಕುಡಿದು ಉಬ್ಬಿ, ಟಯರಿನ ಹಲ್ಲುಗಳ ನಡುವೆ ಅಂಟಿ, ಸುತ್ತು ಸುತ್ತಿಗೂ ದಪ್ಪವಾಗುತ್ತದೆ. ಸೊಲ್ಲಾಪುರದ ವರ್ಷದ ಮಳೆ ಕಾಸರಗೋಡಿನ ಮಳೆಯ ಕಾಲುಭಾಗದ ಆಸುಪಾಸಿನದು. ಆದರೂ ಒಂದು ಹದಮಳೆ ಬಿದ್ದ ಮರುದಿನ ಅಲ್ಲಿನ ಹೊಲದ ದಾರಿಯಲ್ಲಿ ಉದ್ದ ಮಡ್‌ಗಾರ್ಡಿನ ಸೈಕಲನ್ನು ತಳ್ಳಿದವರು ಹತ್ತು ಮಾರಿಗೊಮ್ಮೆ ನಿಂತು ಕಡ್ಡಿಯಿಂದ ಎರೆಯನ್ನು ಕೆದಕಬೇಕಾಗುತ್ತದೆ. ಅಲ್ಲಿ ಹೊಲದ ದಾರಿಗೆ ಮಡ್‌ಗಾರ್ಡು ಬೇಡವೆಂದರೆ ಒಪ್ಪಬೇಕಾದ ಮಾತೇ. ಅಲ್ಲಿನ ಸರಿ ಇಲ್ಲಿಯೂ ಸರಿಯಾಗಬೇಕಾಗಿಲ್ಲ.

ಎರಡನೆಯ ವಾದ ಅಪಾಯದ್ದು. ಕಾಡುದಾರಿಯಲ್ಲಿ ಗಾಲಿ ಎತ್ತಿಕೊಂಡ ಕಡ್ಡಿಯೊಂದು ಮುಂದಿನ ಮಡ್‌ಗಾರ್ಡಿನೊಳಗೆ ಸಿಕ್ಕಿದರೆ, ಅದರ ಆಧಾರದ ತಂತಿಗಳು ಮಡಚಿ ಗಾಲಿ ಹಿಡಿದು, ಸವಾರ ಹ್ಯಾಂಡಲಿನ ಮೇಲಿನಿಂದ ಬೀಳಬಹುದು. ಇದು ಕಲ್ಪನೆಯ ಭಯವಲ್ಲ. ಎಳೆತ ಹೆಚ್ಚಾದರೆ ತಾನಾಗಿ ಕಳಚಿಕೊಳ್ಳುವ ಆಧಾರತಂತಿಗಳನ್ನು ಕೆಲವು ತಯಾರಕರು ಮುಂದಿನ ಮಡ್‌ಗಾರ್ಡಿಗೆ ಅಳವಡಿಸಿರುವುದು ಇದಕ್ಕಾಗಿಯೇ. ಮೂರನೆಯದು ಶಾಕಿನ ವಾದ. ಮುಂದಿನ ಶಾಕು 100 ಮಿಲಿಮೀಟರಿನಷ್ಟು ಕುಗ್ಗುವಂಥದಾದರೆ, ಅದರ ಮೇಲಿನ ಪಟ್ಟಿಗೆ ಕಟ್ಟಿದ ಮಡ್‌ಗಾರ್ಡಿಗೂ ಟಯರಿಗೂ ನಡುವೆ ಅಷ್ಟು ಎಡೆ ಉಳಿದಿರಬೇಕು. ಇಲ್ಲವಾದರೆ ಹೊಂಡಕ್ಕೆ ಇಳಿದ ಕ್ಷಣದಲ್ಲಿ ಟಯರು ಅದಕ್ಕೆ ತಾಗುತ್ತದೆ. ಸದ್ದು, ತೂಕ, ನೋಟ ಎಂಬ ಇನ್ನು ಮೂರು ವಾದಗಳಲ್ಲಿ ಸದ್ದು ಹೆಚ್ಚಾಗಿ ಸಡಿಲ ನಟ್ಟಿನದು. ತೂಕವೋ ಬೆನ್ನಿಗೆ ಹೇರಿಕೊಂಡ ನೀರಿನ ಬಾಟಲಿಯ ಮುಂದೆ ಲೆಕ್ಕಕ್ಕೆ ಬಾರದು. ನೋಟದ ವಾದ ಮಾತ್ರ ವಾದಕ್ಕೆ ಸಿಕ್ಕುವಂಥದಲ್ಲ. ಆದರೆ ಬೆನ್ನಿನ ಮೇಲಿನ ಕೆಂಪು ಗೆರೆಯೂ ನೋಟವೇ ಎಂಬುದನ್ನಷ್ಟು ನೆನಪಿಸಬಹುದು.

ಈ ಆಕ್ಷೇಪಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ಸಂಗತಿ ಹೊಳೆಯುತ್ತದೆ. ಅವೆಲ್ಲ ನಿಜವಾಗುವುದು ಕಡಿದಾದ ಗುಡ್ಡದಲ್ಲಿ, ಕಾಡುದಾರಿಯಲ್ಲಿ, ಜಿಗುಟು ಮಣ್ಣಿನಲ್ಲಿ. ಕಾಲೇಜಿನ ದಾರಿಯಲ್ಲಿ ಇವುಗಳಲ್ಲಿ ಯಾವುದೂ ಇಲ್ಲ. ಅಲ್ಲಿರುವುದು ಡಾಂಬರು, ಅದರ ಮೇಲೆ ನಿಂತ ನೀರು, ಬದಿಯಲ್ಲಿ ಮುರಮಣ್ಣು. ಪೊಸಡಿಗುಂಪೆಯ ಇಳಿಜಾರಿನಲ್ಲಿ ವರ್ಷಕ್ಕೊಮ್ಮೆ ಇಳಿಯಬಹುದಾದ ದಾರಿಯನ್ನು ಮನಸ್ಸಿನಲ್ಲಿಟ್ಟು, ವರ್ಷಕ್ಕೆ ಇನ್ನೂರು ದಿನ ತುಳಿಯುವ ದಾರಿಯನ್ನು ಮರೆತು ಸೈಕಲನ್ನು ಸಜ್ಜುಗೊಳಿಸುವುದು ಮದುವೆಯ ದಿನಕ್ಕೆ ಹೊಲಿಸಿದ ಅಂಗಿಯನ್ನು ಗದ್ದೆಗೆ ತೊಟ್ಟು ಹೋದಂತೆ.

ಮಳೆಯನ್ನೇ ನಂಬಿ ಬದುಕಿದ ಈ ನಾಡಿಗೆ ಈ ವಿವೇಕ ಹೊಸದಲ್ಲ. ನೇಜಿ ನೆಡುವವರು ತೊಡುತ್ತಿದ್ದ ಗೊರಬನ್ನು ನೋಡಿದವರಿಗೆ ಅದು ತಿಳಿಯುತ್ತದೆ. ಕೊಡೆ ನಿಂತವನ ತಲೆಯನ್ನು ಕಾಯುತ್ತದೆ. ಬಗ್ಗಿ ಕೆಲಸ ಮಾಡುವವರಿಗೆ ನೆನೆಯುವುದು ಬೆನ್ನು, ಎರಡು ಕೈಗಳೂ ಬಿಡುವಾಗಿರಬೇಕು. ಆದ್ದರಿಂದ ಗೊರಬು ತಲೆಯಿಂದ ಹೊರಟು ಬೆನ್ನನ್ನು ಮುಚ್ಚುತ್ತದೆ. ಅದನ್ನು ರೂಪಿಸಿದ್ದು ಮಳೆ ಮತ್ತು ಕೆಲಸದ ಭಂಗಿ. ಸೈಕಲಿನ ಸವಾರನೂ ಬಗ್ಗಿದವನೇ, ಅವನ ಎರಡು ಕೈಗಳಿಗೂ ಕೆಲಸವಿದೆ, ನೀರು ಬರುವ ದಿಕ್ಕೂ ಗೊತ್ತಿದೆ. ಗೊರಬನ್ನು ಹೆಣೆದ ಕೈಗೆ ಈ ಸೈಕಲನ್ನು ಕೊಟ್ಟಿದ್ದರೆ ಮೊದಲ ಮಳೆಗೆ ಮೊದಲೇ ಅದಕ್ಕೊಂದು ಮರೆ ಸಿದ್ಧವಾಗುತ್ತಿತ್ತು.

ಹಾಗಾದರೆ ಹಾಕಿಸಬೇಕಾದುದು ಎಂಥದು? ದಿನವೂ ರಸ್ತೆಯಲ್ಲೇ ಓಡಾಡುವ ಸೈಕಲಿಗೆ, ಚೌಕಟ್ಟಿನಲ್ಲಿ ನಟ್ಟು ಬಿಗಿಯುವ ತೂತುಗಳಿದ್ದರೆ, ಗಾಲಿಯನ್ನು ಬಳಸಿ ಬರುವ ಉದ್ದ ಮಡ್‌ಗಾರ್ಡೇ ಉತ್ತಮ. ಅದು ಟಯರಿಗಿಂತ ಅಗಲವಾಗಿರಬೇಕು. ಎರಡು ಇಂಚು, ಎಂದರೆ 50 ಮಿಲಿಮೀಟರಿನ ಟಯರಿಗೆ 60 ಮಿಲಿಮೀಟರಿನ ಅಗಲವಾದರೂ ಬೇಕು. ಟಯರಿನ ಹಲ್ಲಿಗೂ ಅದಕ್ಕೂ ನಡುವೆ ಒಂದು ಬೆರಳಾದರೂ ಸಲೀಸಾಗಿ ತೂರಬೇಕು. ತೂತುಗಳಿಲ್ಲದ ಚೌಕಟ್ಟಿಗೆ ಸೀಟಿನ ಕೊಳವೆಗೆ ಪಟ್ಟಿ ಬಿಗಿದು ಹಿಂದಕ್ಕೆ ಚಾಚುವ ಪ್ಲಾಸ್ಟಿಕ್ ಮಡ್‌ಗಾರ್ಡು ಉಂಟು. ಕುಲುಕಾಟಕ್ಕೆ ಅದು ಒಂದು ಬದಿಗೆ ವಾಲುವುದರಿಂದ ವಾರಕ್ಕೊಮ್ಮೆ ಬಿಗಿಯಬೇಕು. ಸೀಟನ್ನು ಬಹಳ ತಗ್ಗಿಸಿಕೊಂಡವರು ಅದು ಟಯರಿಗೆ ತಾಗದಂತೆ ನೋಡಿಕೊಳ್ಳಬೇಕು. ನಿಜವಾಗಿಯೂ ಗುಡ್ಡ ಹತ್ತಿ ಇಳಿಯುವವರಿಗೆ ಮುಂದಿನ ಶಾಕಿನ ಅಡ್ಡಪಟ್ಟಿಗೆ ಕೇಬಲ್ ಟೈಗಳಿಂದ ಕಟ್ಟುವ ಗೇಣುದ್ದದ ಬಾಗುವ ಪ್ಲಾಸ್ಟಿಕ್ ತುಂಡು ಸಾಕು. ಇದು ಶಾಕಿನ ಕೆಳಭಾಗದೊಡನೆ ಗಾಲಿಯ ಜೊತೆಯಲ್ಲಿಯೇ ಏರಿಳಿಯುವುದರಿಂದ ಟಯರಿಗೂ ಅದಕ್ಕೂ ಇರುವ ಅಂತರ ಬದಲಾಗದು. ಕಡ್ಡಿ ಸಿಕ್ಕಿದರೂ ಬಾಗುತ್ತದೆಯೇ ಹೊರತು ಗಾಲಿಯನ್ನು ಹಿಡಿಯುವುದು ಕಡಿಮೆ. ಹಳೆಯ ಪ್ಲಾಸ್ಟಿಕ್ ಕ್ಯಾನಿನ ಗೋಡೆಯನ್ನು ಕತ್ತರಿಸಿ ಇದನ್ನು ಮನೆಯಲ್ಲೇ ಮಾಡಿಕೊಳ್ಳಲೂಬಹುದು.

ಎರಡರಲ್ಲಿ ಒಂದನ್ನೇ ಹಾಕಿಸುವುದಾದರೆ ಬಹಳ ಮಂದಿ ಹಿಂದಿನದನ್ನು ಆರಿಸುತ್ತಾರೆ. ಬೆನ್ನಿನ ಗೆರೆ ನಾಲ್ಕು ಜನರಿಗೆ ಕಾಣುವಂಥದಷ್ಟೆ. ಆದರೆ ಮೊದಲು ಬೇಕಾದುದು ಮುಂದಿನದು. ಬೆನ್ನನ್ನು ರೇನ್‌ಕೋಟಾದರೂ ಕಾಯುತ್ತದೆ. ಕಣ್ಣು, ಬಾಯಿ, ಚೈನು, ಬೇರಿಂಗುಗಳಿಗೆ ಮುಂದಿನ ಮಡ್‌ಗಾರ್ಡಿನ ಹೊರತು ಬೇರೆ ಮರೆಯಿಲ್ಲ.

ಈ ಸಣ್ಣ ತುಂಡಿಗಾಗಿ ಇಷ್ಟು ವಾದವೇಕೆ ಎಂದು ಕೇಳಬಹುದು. ಕಾರಣ ಸೈಕಲಿನ ಅಂದವಲ್ಲ, ಸೈಕಲನ್ನೇ ನೆಚ್ಚಿದವರ ದಿನಚರಿ. ಮನೆಯಿಂದ ಬಸ್ಸಿನ ದಾರಿಗೆ ಮೂರು ಕಿಲೋಮೀಟರ್ ನಡೆಯಬೇಕಾದ ವಿದ್ಯಾರ್ಥಿಗೆ, ಕೊನೆಯ ಬಸ್ಸು ಹೋದ ಮೇಲೂ ಗ್ರಂಥಾಲಯದಲ್ಲಿ ಕೂತಿರಬೇಕೆನ್ನುವ ವಿದ್ಯಾರ್ಥಿನಿಗೆ ಸೈಕಲೆಂದರೆ ಸ್ವಾತಂತ್ರ್ಯ. ಜೂನ್ ತಿಂಗಳಲ್ಲಿ ಎರಡು ಸಲ ಕೆಸರಿನ ಅಂಗಿಯಲ್ಲಿ ತರಗತಿಗೆ ಬಂದು ಹಿಂದಿನ ಬೆಂಚಿನ ನಗುವನ್ನು ಕೇಳಿದವರು ಮೂರನೆಯ ಸಲ ಸೈಕಲನ್ನು ಕೊಟ್ಟಿಗೆಯಲ್ಲಿ ಬಿಡುತ್ತಾರೆ. ಸೈಕಲಿಗೆ ತುಕ್ಕು ಹತ್ತುತ್ತದೆ. ಮಳೆಗಾಲ ಮುಗಿದ ಮೇಲೆ ಬಸ್ಸೇ ರೂಢಿಯಾಗಿರುತ್ತದೆ, ಇಲ್ಲವೆ ಸಾಲ ಮಾಡಿ ಸ್ಕೂಟರು ಬಂದಿರುತ್ತದೆ. ಸೈಕಲು ಅವರನ್ನು ಸೋಲಿಸಲಿಲ್ಲ. ಅದರ ಮೇಲಿರಬೇಕಾಗಿದ್ದ ಕೆಲವು ನೂರು ರೂಪಾಯಿಗಳ ಪ್ಲಾಸ್ಟಿಕ್ ಇಲ್ಲದೆ ಹೋದದ್ದು ಸೋಲಿಸಿತು. ಇದು ವಿದ್ಯಾರ್ಥಿಯೊಬ್ಬರ ಸೋಲು ಮಾತ್ರವೂ ಅಲ್ಲ. ಮಡ್‌ಗಾರ್ಡಿಲ್ಲದ ಗಾಲಿಯ ಹಿಂದೆ ಬರುವ ಇನ್ನೊಬ್ಬ ಸವಾರನ ಮುಖಕ್ಕೂ ರಾಡಿ ಎರಚುತ್ತದೆ. ಕೆಸರೆರಚುವುದು ಎಂಬ ಮಾತಿಗೆ ಕನ್ನಡದಲ್ಲಿ ಇರುವ ಅರ್ಥವನ್ನು ನೆನೆದರೆ, ಮಡ್‌ಗಾರ್ಡು ಬರಿಯ ಸಲಕರಣೆಯಾಗಿ ಉಳಿಯದೆ ನಡವಳಿಕೆಯ ವಿಷಯವೂ ಆಗುತ್ತದೆ.

ಕನ್ನಡ ಓದುವವರು ಗಮನಿಸಬೇಕಾದ ಮಾತೊಂದು ಇಲ್ಲಿದೆ. ಪೆಟ್ಟಿಗೆಯ ಮೇಲೆ ಮೌಂಟನ್ ಬೈಕು ಎಂದು ಬರೆದು ಬಂದ ಈ ಯಂತ್ರವನ್ನು ಕುಂಬಳೆಯಲ್ಲಾಗಲಿ ಬದಿಯಡ್ಕದಲ್ಲಾಗಲಿ ಜನ ಆ ಹೆಸರಿನಿಂದ ಕರೆಯುವುದು ಅಪರೂಪ. ಅವರಿಗೆ ಅದು ಗೇರ್ ಸೈಕಲು. ಮಾರುವವನು ಗುಡ್ಡವನ್ನು ಹೆಸರಿನಲ್ಲಿಟ್ಟು ಮಾರಿದ. ಕೊಂಡವರು ಗುಡ್ಡವನ್ನು ಬಿಟ್ಟು, ಏರಿನಲ್ಲಿ ತಮಗೆ ನೆರವಾದ ಗೇರನ್ನು ಮಾತ್ರ ಹೆಸರಿನಲ್ಲಿ ಉಳಿಸಿಕೊಂಡರು. ಉಳಿದಂತೆ ಅದನ್ನು ಹಳೆಯ ಸೈಕಲಿನ ಕುಲಕ್ಕೇ ಸೇರಿಸಿದರು. ಜನರ ನಾಲಗೆ ಆ ಯಂತ್ರವನ್ನು ಸರಿಯಾಗಿಯೇ ಅರ್ಥ ಮಾಡಿಕೊಂಡಿದೆ. ಅದು ಶಾಲೆಗೆ, ಅಂಗಡಿಗೆ, ಕಾಲೇಜಿಗೆ ಹೋಗಿ ಬರುವ ಸೈಕಲು. ಅದಕ್ಕೆ ಗೇರುಗಳಿವೆ, ಅಷ್ಟೆ. ಸೈಕಲೆಂದ ಮೇಲೆ ಅದಕ್ಕೆ ಮಡ್‌ಗಾರ್ಡು ಇರಬೇಕೆಂಬುದು ಆ ಹೆಸರಿನೊಳಗೇ ಅಡಗಿದೆ.

ನಾಲಗೆಗೆ ಸಿಕ್ಕಿದ ಈ ತಿಳಿವು ಕೈಗೆ ಇನ್ನೂ ಇಳಿದಿಲ್ಲ. ಬರುವ ಮಳೆಗಾಲಕ್ಕೆ ಮೊದಲು, ಮೇ ತಿಂಗಳ ಒಂದು ಬಿಡುವಿನ ದಿನ, ಅದು ಇಳಿಯಬೇಕು. ಒಂದು ಸ್ಪ್ಯಾನರು, ನಾಲ್ಕು ಕೇಬಲ್ ಟೈ, ಅರ್ಧ ಗಂಟೆಯ ಕೆಲಸ. ಕೈ ಕೆಸರಾದರೆ ಬಾಯಿ ಮೊಸರು ಎಂಬ ಗಾದೆ ದುಡಿಮೆಯ ಕೆಸರನ್ನು ಹೊಗಳಿತು. ದಾರಿಯುದ್ದಕ್ಕೂ ಬೆನ್ನಿಗೆ ಸುಮ್ಮನೆ ಬಂದು ಬಡಿಯುವ ಕೆಸರನ್ನು ಯಾವ ಗಾದೆಯೂ ಹೊಗಳಿಲ್ಲ.